ಬಾವುಟಗುಡ್ಡೆಯ ಮೇಲೆ ಮೊಸ್ಕೆನಿಯ ಬಣ್ಣ

ಹಂಪನಕಟ್ಟೆಯ ಗದ್ದಲ ದಾಟಿ ಬಾವುಟಗುಡ್ಡೆಯ ಏರು ಹತ್ತುವಷ್ಟರಲ್ಲಿ ಮಂಗಳೂರಿನ ಸೆಕೆಗೆ ಬೆನ್ನೆಲ್ಲ ಒದ್ದೆ. ಸಂತ ಅಲೋಶಿಯಸ್ ಚಾಪೆಲ್‌ನ ಬಾಗಿಲು ದಾಟಿದ ಕೂಡಲೇ ಬಿಸಿಲು ಹಿಂದೆ ಉಳಿಯುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ. ಅವಸರ ಮಾಡಬಾರದು. ಹಿಂದಿನ ಸಾಲಿನ ಬೆಂಚಿನಲ್ಲಿ ಸುಮ್ಮನೆ ಕುಳಿತರೆ ಸಾಕು, ಕಣ್ಣು ಪಳಗುತ್ತ ಬರುತ್ತದೆ, ಬಣ್ಣಗಳು ಒಂದೊಂದಾಗಿ ಎದ್ದು ಬರುತ್ತವೆ. ಮೊದಲು ಕಾವಿ, ಆಮೇಲೆ ಹಳದಿ, ಅದರ ನಡುವೆ ಹಸಿರು ಎಲೆಗಳ ಮಾಲೆ, ಮೇಲೆ ಮುಚ್ಚಿಗೆಯಲ್ಲಿ ಮೋಡದ ನೀಲಿ. ಆಮೇಲೆ ಮುಖಗಳು. ಮುಚ್ಚಿಗೆಯ ಇಳಿಜಾರಿನಲ್ಲಿ ಯೇಸುವಿನ ಪ್ರೇಷಿತರು, ಕಮಾನುಗಳ ಮೇಲೆ ಸಂತರು, ಇಕ್ಕೆಲದ ಮುಚ್ಚಿಗೆಗಳಲ್ಲಿ ಯೇಸುವಿನ ಬಾಳಿನ ಘಟನೆಗಳು, ನಡುವಿನ ಸಾಲಿನಲ್ಲಿ ಅಲೋಶಿಯಸ್ ಗೊನ್ಜಾಗನ ಕಥೆ. 800 ಚದರ ಮೀಟರಿಗೂ ಮಿಕ್ಕಿದ ಜಾಗದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಚಿತ್ರ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಸಂತರಲ್ಲ, ಕಂಬಗಳು. ಗೋಡೆಗಂಟಿದ ಕೆತ್ತನೆಯ ಕಂಬ, ಅದರ ತಲೆಯ ಮೇಲೆ ಎಲೆಯ ಬೋದಿಗೆ, ಬೋದಿಗೆಯ ಮೇಲೆ ಉಬ್ಬಿದ ಅಂಚುಪಟ್ಟಿ. ದೂರದಿಂದ ನೋಡಿದವರು ಶಿಲ್ಪಿಯ ಕೈಕೆಲಸವೆಂದೇ ಹೇಳುತ್ತಾರೆ. ಹತ್ತಿರ ಹೋಗಿ, ಗೋಡೆಗೆ ಒಂದು ಮೊಳ ದೂರದಲ್ಲಿ ನಿಂತು ನೋಡಿದರೆ ಉಬ್ಬೆಲ್ಲ ಇಳಿದು ಗೋಡೆ ಸಪಾಟಾಗುತ್ತದೆ. ಉಳಿಯುವುದು ಕುಂಚದ ಗೆರೆಗಳು ಮಾತ್ರ: ಬೆಳಕು ಬಿದ್ದ ಅಂಚಿಗೆ ಒಂದು ತೆಳು ಬಿಳಿ ಗೆರೆ, ಪಕ್ಕದಲ್ಲಿ ನಡು ಬಣ್ಣದ ಪಟ್ಟಿ, ಅದಕ್ಕಂಟಿ ನೆರಳಿನ ಕಂದು. ಇಷ್ಟೇ ಸಾಮಗ್ರಿಯಲ್ಲಿ ಇಡೀ ಚಾಪೆಲ್‌ಗೆ ಕಲ್ಲಿನ ಕೆತ್ತನೆ ಬಂದಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗೆರೆಗಳು ಕೂಡಿಕೊಂಡು ಕಂಬ ಮತ್ತೆ ಎದ್ದು ನಿಲ್ಲುತ್ತದೆ. ಈ ಕೈಚಳಕದ ಒಡೆಯ ಬ್ರದರ್ ಆಂತೋನಿಯೊ ಮೊಸ್ಕೆನಿ.

ಮೊಸ್ಕೆನಿ ಹುಟ್ಟಿದ್ದು 1854ರ ಜನವರಿಯಲ್ಲಿ, ಉತ್ತರ ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜ್ಜಾನೊ ಎಂಬ ಊರಿನಲ್ಲಿ. ಹುಡುಗನ ಕೈಯಲ್ಲಿ ಚಿತ್ರವಿತ್ತು. ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ ಎನ್ರಿಕೊ ಸ್ಕೂರಿ ಎಂಬ ಗುರುವಿನ ಬಳಿ ಅದು ವಿದ್ಯೆಯಾಯಿತು. ರೋಮಿಗೆ ಹೋಗಿ ವ್ಯಾಟಿಕನ್ನಿನ ಹಳೆಯ ಗುರುಗಳ ಗೋಡೆಗಳನ್ನು ಅಭ್ಯಾಸ ಮಾಡಿದರು, ಮಿಲಾನಿನಲ್ಲಿ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು, ಹೆಸರೂ ಬಂತು. ಹೆಸರು ಬಂದ ಮೇಲೆ, 35ರ ವಯಸ್ಸಿನಲ್ಲಿ, 1889ರಲ್ಲಿ, ಯೇಸುಸಭೆ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘ ಸೇರಿದರು. ಪಾದ್ರಿಯಾಗಿ ಅಲ್ಲ, ಸಹೋದರನಾಗಿ. ಮಠದ ಸಹೋದರರೆಂದರೆ ಅಡುಗೆ, ಬಡಗಿ ಕೆಲಸ, ತೋಟದ ಆರೈಕೆ ನೋಡಿಕೊಳ್ಳುವವರು. ಪೀಠದಲ್ಲಿ ನಿಂತು ಬಲಿಪೂಜೆ ಅರ್ಪಿಸುವ ಅಧಿಕಾರ ಅವರಿಗಿಲ್ಲ, ಆ ಪೀಠದ ಸುತ್ತಲಿನ ಗೋಡೆಗೆ ಬಣ್ಣ ಹಾಕುವ ಕೆಲಸವಿದೆ. ಮೊಸ್ಕೆನಿ ಆರಿಸಿಕೊಂಡದ್ದು ಅದನ್ನು.

ಇಟಲಿಯ ಕಲಾವಿದರೊಬ್ಬರು ಮಂಗಳೂರಿಗೇ ಯಾಕೆ ಬಂದರು ಎಂಬ ಪ್ರಶ್ನೆಗೆ ಉತ್ತರ ಸರಳ. 1878ರ ಡಿಸೆಂಬರ್ 31ರಂದು ಇಲ್ಲಿಗೆ ಬಂದಿಳಿದ ಯೇಸುಸಭೆಯವರ ಮಂಗಳೂರು ಮಿಷನ್, ಸಭೆಯ ಇಟಲಿಯ ವೆನಿಸ್ ಪ್ರಾಂತದ ಪಾಲಿಗೆ ಬಂದಿತ್ತು. ಅಂದಿನ ಮಂಗಳೂರಿನಲ್ಲಿ ಎಂಥೆಂಥ ದುಡಿಮೆ ನಡೆದಿತ್ತೆಂಬುದನ್ನು ನೆನೆದರೆ ಬೆರಗಾಗುತ್ತದೆ. ಆಂಜೆಲೊ ಮಾಫೆಯಿ ಎಂಬ ಇಟಾಲಿಯನ್ ಪಾದ್ರಿ ಕೊಂಕಣಿಗೆ ನಿಘಂಟು ಕಟ್ಟಿದರು. ಕ್ಯಾಥೊಲಿಕ್ ಪಾದ್ರಿಯ ಆ ಪುಸ್ತಕ 1883ರಲ್ಲಿ ಅಚ್ಚಾದದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಛಾಪಖಾನೆಯಲ್ಲಿ. ಕಂಕನಾಡಿಯಲ್ಲಿ ಜರ್ಮನಿಯ ಫಾದರ್ ಮುಲ್ಲರ್ 1880ರಿಂದ ಹೋಮಿಯೋಪಥಿ ಮದ್ದು ಕೊಡುತ್ತಿದ್ದರು. ಅದೇ ವರ್ಷ ಅಲೋಶಿಯಸ್ ಕಾಲೇಜು ಶುರುವಾಯಿತು, 1884ರ ಹೊತ್ತಿಗೆ ಗುಡ್ಡೆಯ ಮೇಲೆ ಚಾಪೆಲ್ ಎದ್ದಿತು. ಆದರೆ ಗೋಡೆ ಖಾಲಿ. ಸುಮಾರು ಹದಿನೈದು ವರ್ಷ ಮಕ್ಕಳು ಆ ಖಾಲಿ ಗೋಡೆಗಳ ನಡುವೆ ಪ್ರಾರ್ಥಿಸಿದರು. ಆ ಗೋಡೆಗಳಿಗಾಗಿಯೇ ಮೊಸ್ಕೆನಿ ಬಂದರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ದೂರದಿಂದ ಬರುವವರಿಗೆ ಸಮುದ್ರವೇ ಹೆದ್ದಾರಿ.

1899ರಿಂದ 1901ರವರೆಗೆ ಕೆಲಸ ನಡೆಯಿತು. ಗೋಡೆಗೆ ಫ್ರೆಸ್ಕೊ, ಮುಚ್ಚಿಗೆಗೆ ಕ್ಯಾನ್ವಾಸಿನ ಮೇಲೆ ತೈಲವರ್ಣ. ಫ್ರೆಸ್ಕೊದ ಕಷ್ಟ ಗೊತ್ತಿದ್ದವರಿಗೆ ಆ ದಿನಗಳು ಕಣ್ಣಿಗೆ ಕಟ್ಟುತ್ತವೆ. ಅವತ್ತಿನ ಮಟ್ಟಿಗೆ ಮುಗಿಸಬಹುದಾದಷ್ಟೇ ಗೋಡೆಗೆ ಸುಣ್ಣದ ಗಾರೆ ಬಳಿಯಬೇಕು. ಗಾರೆ ಹಸಿಯಿರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯನ್ನು ಹೀರಿ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಗಾರೆ ಒಣಗಿತೋ, ಅವತ್ತಿನ ಅವಕಾಶ ಹೋಯಿತು. ತಪ್ಪಾದರೆ ಕೆರೆದು ತೆಗೆದು ಮತ್ತೆ ಗಾರೆಯಿಂದಲೇ ಶುರು. ಚಿಪ್ಪು ಸುಟ್ಟು ಸುಣ್ಣ ಮಾಡಿ ಮನೆ ಕಟ್ಟುತ್ತಿದ್ದ ನಮ್ಮ ಕರಾವಳಿಯ ಗಾರೆಯವರಿಗೆ ಸುಣ್ಣದ ಗುಣ ಹೇಳಿಕೊಡಬೇಕಿರಲಿಲ್ಲ. ಇಟಲಿಯವರಿಗೆ ಹೊಸದಾದದ್ದು ಇಲ್ಲಿನ ಮಳೆ. ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಸುರಿಯುವ ಊರಿದು. ಆಷಾಢದಲ್ಲಿ ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗದ ಜಾಗದಲ್ಲಿ ಅವರು ಎರಡು ಮಳೆಗಾಲ ಕಳೆದರು. ವಿದ್ಯುತ್ ದೀಪ ಇನ್ನೂ ಬಂದಿರದ ಕಾಲ. ಸಾರುವೆಯ ಮೇಲೆ ನಿಂತು, ಕಿಟಕಿಯಿಂದ ಬಂದಷ್ಟು ಬೆಳಕಿನಲ್ಲಿ, ಕೆಳಗೆ ಕೂರುವ ವಿದ್ಯಾರ್ಥಿಯ ಕಣ್ಣಿಗೆ ಸರಿ ಕಾಣಬೇಕಾದ ಕೈಕಾಲುಗಳ ಅಳತೆಯನ್ನು ಮೇಲಿನಿಂದಲೇ ಊಹಿಸಿ ಬರೆಯಬೇಕಿತ್ತು.

ಮುಚ್ಚಿಗೆಯ ಕಥಾನಾಯಕ ಅಲೋಶಿಯಸ್ ಕೂಡ ಮೊಸ್ಕೆನಿಯ ಸೀಮೆಯವರೇ, ಅದೇ ಲೊಂಬಾರ್ಡಿ ಪ್ರಾಂತದವರು. 1568ರಲ್ಲಿ ಕಾಸ್ತಿಲ್ಯೋನೆಯ ಅರಸುಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿ, ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ ಹುಡುಗ. ರೋಮಿನಲ್ಲಿ ಸಾಂಕ್ರಾಮಿಕ ಹಬ್ಬಿದಾಗ ರೋಗಿಗಳ ಸೇವೆಗೆ ನಿಂತು, ಅದೇ ರೋಗ ತಗುಲಿ, 1591ರಲ್ಲಿ 23ರ ಪ್ರಾಯದಲ್ಲಿ ತೀರಿಹೋದ. ಕಾಲೇಜು ಮಕ್ಕಳ ತಲೆಯ ಮೇಲೆ ಆ ಪ್ರಾಯದವನದೇ ಬಾಳು ಹರಡಿದೆ. ಬಂದದ್ದನ್ನು ಬಿಟ್ಟು ಹೊರಟವನ ಕಥೆಯನ್ನು, ಬಂದ ಹೆಸರನ್ನು ಬಿಟ್ಟು ಹೊರಟ ಚಿತ್ರಕಾರ ಬರೆದದ್ದು ನನಗೆ ಬರೀ ಕಾಕತಾಳೀಯವಾಗಿ ಕಾಣುವುದಿಲ್ಲ.

ಈ ಚಾಪೆಲ್ ಬಗ್ಗೆ ಮಾತೆತ್ತಿದರೆ ಸಾಕು, ಸಿಸ್ಟೈನ್ ಚಾಪೆಲ್‌ನ ಹೆಸರು ಬರುತ್ತದೆ. ಪ್ರೀತಿಯಿಂದ ಹೇಳುವ ಮಾತು, ಒಪ್ಪೋಣ. ಆದರೆ ಮೊಸ್ಕೆನಿಗೆ ಆ ಹೋಲಿಕೆ ಹೊಂದುವುದಿಲ್ಲ. ಅಲ್ಲಿ ಮೈಕೆಲೆಂಜೆಲೊ 1508ರಿಂದ 1512ರವರೆಗೆ ಬರೆದದ್ದು ನೇರ ಹಸಿಗಾರೆಯ ಛಾವಣಿಗೆ; ನಮ್ಮ ಮುಚ್ಚಿಗೆಯದು ಕ್ಯಾನ್ವಾಸ್. ಮೊಸ್ಕೆನಿಯ ನಿಜವಾದ ಪೂರ್ವಿಕ ಬೇರೆ: ಆಂದ್ರೆಯಾ ಪೊಜ್ಜೊ. 17ನೇ ಶತಮಾನದ ಈ ಚಿತ್ರಕಾರ ಕೂಡ ಯೇಸುಸಭೆಯ ಸಹೋದರನೇ, ಪಾದ್ರಿಯಲ್ಲ. ರೋಮಿನ ಸಾಂತ್ ಇನ್ಯಾತ್ಸಿಯೊ ಇಗರ್ಜಿಯ ಛಾವಣಿಯಲ್ಲಿ ಇಲ್ಲದ ಕಂಬ, ಇಲ್ಲದ ಕಮಾನುಗಳನ್ನು ಬರೆದು ಆಕಾಶವನ್ನೇ ತೆರೆದಿಟ್ಟವರು. ಅಲ್ಲಿ ಗುಮ್ಮಟ ಕಟ್ಟುವುದು ಆಗದೇಹೋದಾಗ, 1685ರಲ್ಲಿ ದೊಡ್ಡ ಕ್ಯಾನ್ವಾಸಿನ ಮೇಲೆ ಗುಮ್ಮಟವನ್ನು ಬರೆದು ಮೇಲೆ ಕೂರಿಸಿದರು. ಅದೇ ಇಗರ್ಜಿಯಲ್ಲಿ ಅಲೋಶಿಯಸ್‌ನ ಅವಶೇಷಗಳಿರುವ ಪೀಠವಿದೆ, ಅದರ ವಿನ್ಯಾಸವೂ ಪೊಜ್ಜೊ ಅವರದು. ಮಂಗಳೂರಿನ ಹುಸಿ ಕಂಬಗಳು ಈ ಮನೆತನಕ್ಕೆ ಸೇರಿದವು.

ಬಾವುಟಗುಡ್ಡೆಯ ಕೆಲಸ ಮುಗಿಸಿ ಮೊಸ್ಕೆನಿ ಸುಮ್ಮನೆ ಕೂರಲಿಲ್ಲ. ಜೆಪ್ಪುವಿನ ಸಂತ ಜೋಸೆಫ್ ಸೆಮಿನರಿಯ ಚಾಪೆಲ್‌ನಲ್ಲಿ ಅವರ ಚಿತ್ರಗಳಿವೆ. ಮುಂಬಯಿಯ ಕೊಲಾಬಾದ ಹೋಲಿ ನೇಮ್ ಕ್ಯಾಥೆಡ್ರಲ್‌ನ ಗೋಡೆಗಳಲ್ಲೂ ಅವರ ಕೈಯಿದೆ. ಕೊನೆಯದು ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಇಗರ್ಜಿ. ಅಲ್ಲಿನ ಪೀಠದ ಸುತ್ತ ಯೇಸುವಿನ ಯಾತನೆಯ ದೊಡ್ಡ ಕ್ಯಾನ್ವಾಸುಗಳನ್ನೂ ಲಿಯೊನಾರ್ಡೊನ ದಾರಿ ಹಿಡಿದ ಕೊನೆಯ ಭೋಜನವನ್ನೂ ಬರೆಯುವಾಗ ಅವರ ಜೊತೆಗಿದ್ದವರು ಡಿ ಗಾಮಾ ಎಂಬ ಶಿಷ್ಯ, ಮಂಗಳೂರಿನವರು. ಗುಡ್ಡೆಯ ಮೇಲಿನ ಬಣ್ಣದಷ್ಟೇ ಈ ಸಂಗತಿಯೂ ನನಗೆ ದೊಡ್ಡದು. ಬೆರ್ಗಾಮೊದ ವಿದ್ಯೆ ಇಲ್ಲಿ ಗೋಡೆಯಲ್ಲಷ್ಟೇ ನಿಲ್ಲಲಿಲ್ಲ, ಊರಿನ ಒಂದು ಕೈಗೂ ದಾಟಿತು. ಸಾಂತಾ ಕ್ರೂಜ್ ಪ್ರತಿಷ್ಠೆಯಾದದ್ದು 1905ರ ನವೆಂಬರ್ 19ರಂದು. ಅದನ್ನು ನೋಡಲು ಮೊಸ್ಕೆನಿ ಇರಲಿಲ್ಲ, ಕೆಲವೇ ದಿನ ಮೊದಲು ಕೊಚ್ಚಿಯಲ್ಲೇ ತೀರಿಕೊಂಡಿದ್ದರು. ವಯಸ್ಸು 51.

ಕರಾವಳಿಯ ತೇವ ಯಾರನ್ನೂ ಬಿಡುವುದಿಲ್ಲ. ಗೋಡೆಯೊಳಗಿನ ಉಪ್ಪು ಹೊರಬರುತ್ತದೆ, ಬೂಸ್ಟು ಹಿಡಿಯುತ್ತದೆ, ಬಣ್ಣ ಏಳುತ್ತದೆ. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ಪರಿಣತರು ಈ ಚಿತ್ರಗಳನ್ನು ಶುಚಿಗೊಳಿಸಿ ಜೀವ ಉಳಿಸಿದರು. ಒಮ್ಮೆ ಮಾಡಿ ಮುಗಿಯುವ ಕೆಲಸವಲ್ಲ ಇದು, ಪ್ರತಿ ಮಳೆಗಾಲ ಕಳೆದ ಮೇಲೂ ನೋಡುವ ಕಣ್ಣು, ಕೂಡಿಡುವ ದುಡ್ಡು ಎರಡೂ ಬೇಕು. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಅದು ಒಳ್ಳೆಯದೇ ಆಯಿತು. ಮೊಬೈಲ್ ಕಿಸೆಯಲ್ಲಿಟ್ಟು, ಪೂಜೆ ಇಲ್ಲದ ಹೊತ್ತು ನೋಡಿಕೊಂಡು ಹೋಗಿ, ಅರ್ಧ ಗಂಟೆ ಕುಳಿತುಕೊಳ್ಳಿ. ಮಕ್ಕಳನ್ನು ಕರೆದೊಯ್ದರೆ ಚಾಪೆಲ್‌ನ ಹೆಸರಿನ ಜೊತೆ ಬರೆದವರ ಹೆಸರನ್ನೂ ಹೇಳಿಕೊಡಿ. ಕೊಚ್ಚಿಗೆ ಹೋದಾಗ ಸಾಂತಾ ಕ್ರೂಜ್‌ನ ಪೀಠದ ಮುಂದೆಯೂ ಒಮ್ಮೆ ನಿಲ್ಲಿ, ಅಲ್ಲಿ ನಮ್ಮೂರಿನ ಡಿ ಗಾಮಾ ಅವರ ದುಡಿಮೆಯೂ ಇದೆ.