ಮೀನಿನ ಕಿವಿಗಲ್ಲು: ಬೆಳವಣಿಗೆ, ಆಕಾರ ಮತ್ತು ಅಲಿಖಿತ ಚರಿತ್ರೆ

ಬರಹವನ್ನು ಬಿಟ್ಟುಹೋಗದ ಜನಸಮುದಾಯಗಳ ಬದುಕನ್ನು ಅರಿಯಲು ಜಾನಪದ ಅಧ್ಯಯನವು ಹಾಡು, ಕಥೆ, ಆಚರಣೆಗಳ ಜೊತೆಗೆ ಭೌತಿಕ ಸಂಸ್ಕೃತಿಯನ್ನೂ ಆಧಾರವಾಗಿ ಇಟ್ಟುಕೊಳ್ಳುತ್ತದೆ. ಬಲೆ, ದೋಣಿ, ಗಾಳಗಳನ್ನು ನಾವು ಸಂಗ್ರಹಿಸುತ್ತೇವೆ. ಉಂಡು ಎಸೆದ ಮೀನಿನ ತಲೆಯೊಳಗಿನ ಪುಟ್ಟ ಕಲ್ಲೂ ಅಂಥದೇ ಒಂದು ದಾಖಲೆ ಎಂಬುದನ್ನು ಮಾತ್ರ ಮರೆಯುತ್ತೇವೆ. ಆ ದಾಖಲೆಯನ್ನು ಓದಬೇಕಾದರೆ, ಮೀನು ಬೆಳೆದಂತೆ ಕಲ್ಲಿನ ಆಕಾರವೂ ಬದಲಾಗುತ್ತದೆ ಎಂಬ ಸಂಗತಿಯನ್ನು ಮೊದಲು ತಿಳಿದಿರಬೇಕು.

ಈ ಕಲ್ಲಿನ ಅರಿವು ಪ್ರಾಚೀನವಾದುದು. ತಲೆಯಲ್ಲಿ ಕಲ್ಲಿರುವ ಮೀನುಗಳು ಚಳಿಗಾಲದಲ್ಲಿ ಹೆಚ್ಚು ಬಾಧೆಪಡುತ್ತವೆ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ರೋಮಿನ ಪ್ಲಿನಿಯೂ ಇದನ್ನು ಮುಂದುವರಿಸಿದ್ದಾನೆ. ಈ ವಿವರಣೆ ನಿಲ್ಲುವಂಥದಲ್ಲ. ಏಕೆಂದರೆ ಎಲುಬುಳ್ಳ ಮೀನುಗಳಲ್ಲೆಲ್ಲ ಈ ಕಲ್ಲುಗಳಿವೆ. ಕೆಲವು ಜಾತಿಗಳಲ್ಲಿ ದೊಡ್ಡದಾಗಿರುವುದರಿಂದ ಕಣ್ಣಿಗೆ ಬೀಳುತ್ತವೆ, ಅಷ್ಟೆ.

ರೂಢಿಯಲ್ಲಿ ಕಿವಿಯ ಎಲುಬು ಎನ್ನುವುದುಂಟಾದರೂ ಇದು ಎಲುಬಲ್ಲ. ಒಳಗಿವಿಯಲ್ಲಿ ಪ್ರೋಟೀನಿನ ಹಂದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಪದರಪದರವಾಗಿ ಕೂಡಿ ಆದ ರಚನೆ. ಸಮತೋಲನ ಮತ್ತು ಶ್ರವಣ ಇದರ ಕೆಲಸ. ಸಜಿಟಾ, ಲ್ಯಾಪಿಲಸ್, ಆಸ್ಟರಿಸ್ಕಸ್ ಎಂಬ ಮೂರು ಜೊತೆ ಕಲ್ಲುಗಳಲ್ಲಿ ಬಹುಪಾಲು ಮೀನುಗಳಿಗೆ ಸಜಿಟಾ ದೊಡ್ಡದು. ನಮ್ಮ ಕೆರೆಗಳ ಕಾಟ್ಲಾ, ರೋಹುಗಳಂತಹ ಗೆಂಡೆ ಕುಲದಲ್ಲಿ ಮಾತ್ರ ಅದು ಸೂಜಿಯಂತೆ ತೆಳ್ಳಗಿರುತ್ತದೆ.

ಮರಿಮೀನಿನಲ್ಲಿ ಸಜಿಟಾ ಬಹುಮಟ್ಟಿಗೆ ದುಂಡನೆಯ ಕಣ. ಮುಂದೆ ಅದರ ಸುತ್ತ ಹೊಸ ಬೆಳವಣಿಗೆಯ ಕೇಂದ್ರಗಳು ಹುಟ್ಟುತ್ತವೆ. ಎಲ್ಲ ಬದಿಗೂ ಪದರ ಸಮನಾಗಿ ಕೂಡುವುದಿಲ್ಲ. ಆದ್ದರಿಂದ ಕಲ್ಲು ನೀಳವಾಗುತ್ತದೆ. ಹಲವು ಜಾತಿಗಳಲ್ಲಿ ಅಂಚು ಅಲೆಯಲೆಯಾಗಿ, ಮುಂಭಾಗ ಮೂತಿಯಂತೆ ಚಾಚುತ್ತದೆ. ಸಂವೇದಕ ಪೊರೆಗೆ ತಾಗುವ ಒಳಮೈಯ ತೋಡು ಸ್ಪಷ್ಟವಾಗುತ್ತದೆ. ಮೀನು ಮುಪ್ಪಾಗಿ ದೇಹದ ಉದ್ದ ಹೆಚ್ಚದಿದ್ದರೂ ಕಲ್ಲಿನ ಬೆಳವಣಿಗೆ ನಿಲ್ಲದು. ಆಗ ಅದು ಮುಖ್ಯವಾಗಿ ಒಳಮೈಯಲ್ಲಿ ದಪ್ಪವಾಗುತ್ತದೆ.

ಒಮ್ಮೆ ಕೂಡಿದ ಪದರ ಸಾಮಾನ್ಯವಾಗಿ ಮತ್ತೆ ಕರಗುವುದಿಲ್ಲ. ಹೀಗಾಗಿ ಹಳೆಯ ಆಕಾರ ಹೊಸದರ ಒಡಲಲ್ಲೇ ಉಳಿದಿರುತ್ತದೆ. ಕಲ್ಲನ್ನು ಅಡ್ಡ ಕೊಯ್ದು ನೋಡಿದರೆ ಮೀನಿನ ಬಾಲ್ಯವೂ ಕಾಣಸಿಗುತ್ತದೆ. 1899ರಲ್ಲಿ ರೈಬಿಶ್ ಎಂಬ ಜರ್ಮನ್ ವಿಜ್ಞಾನಿ ವಾರ್ಷಿಕ ಉಂಗುರಗಳಿಂದ ಮೀನಿನ ವಯಸ್ಸನ್ನು ಎಣಿಸಿದನು. 1971ರಲ್ಲಿ ಪನ್ನೆಲ್ಲಾ ದಿನದಿನದ ಪದರಗಳನ್ನು ಗುರುತಿಸಿದನು. ಚಳಿಗಾಲದಲ್ಲಿ ಬೆಳವಣಿಗೆ ಕುಂಠಿತಗೊಂಡು ಪದರಗಳು ಒತ್ತಾಗುವುದರಿಂದ, ಚಳಿಗೂ ಕಲ್ಲಿಗೂ ನಂಟು ಕಂಡ ಪ್ರಾಚೀನರ ಮಾತಿನಲ್ಲಿ ಬೇರೊಂದು ಬಗೆಯ ಸತ್ಯವಿದೆ ಎನ್ನಬಹುದು.

ಆಕಾರದ ಮೂಲಚೌಕಟ್ಟು ಆಯಾ ಜಾತಿಯದು; ಆದರೆ ಬೆಳವಣಿಗೆಯ ವೇಗವೂ ಅದನ್ನು ತಿದ್ದುತ್ತದೆ. ಅಟ್ಲಾಂಟಿಕ್ ಕಾಡ್ ಮೀನಿನ ವಿವಿಧ ಸಮೂಹಗಳ ಕಲ್ಲುಗಳಲ್ಲಿರುವ ಭೇದಕ್ಕೆ ಬೆಳವಣಿಗೆಯ ವೇಗವೇ ಪ್ರಧಾನ ಕಾರಣವೆಂದು ಕಂಪಾನಾ ಮತ್ತು ಕ್ಯಾಸಲ್ಮನ್ 1993ರಲ್ಲಿ ತೋರಿಸಿದರು. ಇದನ್ನು ಅರಿಯದವರು ಒಂದೇ ಜಾತಿಯ ಮರಿ ಮತ್ತು ಮುದಿ ಮೀನಿನ ಕಲ್ಲುಗಳನ್ನು ಎರಡು ಜಾತಿಗಳೆಂದು ಎಣಿಸಿಯಾರು.

ಇಂತಹ ಓದಿನ ಫಲವೇನೆಂಬುದಕ್ಕೆ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಓರೊನ್ಸೇ ದ್ವೀಪ ಉತ್ತಮ ನಿದರ್ಶನ. ಅಲ್ಲಿ ಸುಮಾರು 6000 ವರ್ಷಗಳ ಹಿಂದಿನ ಬೇಟೆಗಾರ ಜನರು ಉಂಡು ಬಿಸಾಡಿದ ಚಿಪ್ಪುಗಳ ದಿಬ್ಬಗಳಿವೆ. ಅವುಗಳಲ್ಲಿ ದೊರೆತ ಸೇತ್ ಮೀನಿನ ಕಿವಿಗಲ್ಲುಗಳನ್ನು ಮೆಲ್ಲರ್ಸ್ ಮತ್ತು ವಿಲ್ಕಿನ್ಸನ್ ಅಳೆದು 1980ರಲ್ಲಿ ಪ್ರಕಟಿಸಿದರು. ಅವು ಹೆಚ್ಚಾಗಿ ಮೊದಲೆರಡು ವರ್ಷದ ಮೀನುಗಳವು. ಆ ವಯಸ್ಸಿನಲ್ಲಿ ಸೇತ್ ಬೇಗ ಬೆಳೆಯುವುದರಿಂದ ಕಲ್ಲಿನ ಉದ್ದದಿಂದಲೇ ಹಿಡಿದ ಕಾಲವನ್ನು ಅಂದಾಜಿಸಬಹುದು. ಬೇರೆಬೇರೆ ದಿಬ್ಬಗಳು ಬೇರೆಬೇರೆ ಋತುಗಳ ವಾಸದ ಕುರುಹುಗಳೆಂದು ಇದರಿಂದ ತಿಳಿದುಬಂದಿತು. ಹೆಸರು, ಭಾಷೆ, ಹಾಡು ಯಾವುದೂ ಉಳಿಯದ ಜನರ ವರ್ಷಚಕ್ರವನ್ನು ಮೀನಿನ ತಲೆಯ ಕಲ್ಲು ಉಳಿಸಿಕೊಟ್ಟಿದೆ.

ನಮ್ಮ ಕರಾವಳಿಯ ಮತ್ತು ನದೀತೀರದ ಅಧ್ಯಯನಗಳಿಗೂ ಇದರಲ್ಲಿ ಪಾಠವಿದೆ. ಅಗೆತದ ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸದಿದ್ದರೆ ಇಂತಹ ಕಲ್ಲುಗಳು ಮಣ್ಣಿನೊಡನೆ ಹೊರಗೆ ಹೋಗುತ್ತವೆ. ಸೋಸಿ ಪಡೆದರೂ, ಇಂದಿನ ಮೀನುಗಳ ಮರಿ, ಪ್ರಾಯ, ಮುಪ್ಪು ಎಲ್ಲ ಹಂತಗಳ ಕಲ್ಲುಗಳ ಹೋಲಿಕೆ ಸಂಗ್ರಹವಿಲ್ಲದೆ ಅವುಗಳನ್ನು ಓದಲಾಗದು. ಇಂತಹ ಸಂಗ್ರಹಕ್ಕೆ ಪ್ರಾಣಿಶಾಸ್ತ್ರಜ್ಞರ ಜೊತೆಗೆ ಮೀನಿನ ಪ್ರಾಯಕ್ಕೆ ತಕ್ಕಂತೆ ಹೆಸರಿಡಬಲ್ಲ ಮೀನುಗಾರರ ನೆರವೂ ಬೇಕು. ಜಾನಪದ ವಿದ್ವಾಂಸನ ಹೊಣೆ ಆರಂಭವಾಗುವುದು ಇಲ್ಲಿಯೇ.