ವ್ಯವಸಾಯದ ಉನ್ನತ ವಿದ್ಯಾಭ್ಯಾಸವೂ ಗಣಕಯಂತ್ರವೂ
(ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ಗೌಡರ ಮತ್ತು ಜಮೀನುದಾರರ ಗಮನಕ್ಕೆ)

ವ್ಯವಸಾಯ ಕಾಲೇಜಿನ ಕಡೆಯ ವರ್ಷದ ವಿದ್ಯಾರ್ಥಿಗಳು ಗ್ರಾಮಗಳಿಗೆ ಬಂದು, ಒಕ್ಕಲು ಮಕ್ಕಳ ಜೊತೆಯಲ್ಲಿ ಕೆಲವು ತಿಂಗಳು ವಾಸಮಾಡಿ, ಬೇಸಾಯದ ಅನುಭವವನ್ನು ಪಡೆಯುವ ಕ್ರಮವು ಈ ಮೂರು ತಾಲ್ಲೂಕುಗಳ ಗೌಡರಿಗೆ ಹೊಸದೇನೂ ಅಲ್ಲ. ಹಿಂದೆ ಬರುತ್ತಿದ್ದ ವಿದ್ಯಾರ್ಥಿಯ ಕೈಯಲ್ಲಿ ಅಳತೆಯ ಪಟ್ಟಿಯೂ ಟಿಪ್ಪಣಿ ಪುಸ್ತಕವೂ ಇರುತ್ತಿದ್ದವು. ಈಗ ಬರುವವನ ಕೈಯಲ್ಲಿ ಮೊಬೈಲು ಇರುತ್ತದೆ. “ಹುಡುಗರು ಹೊಲದ ನಡುವೆ ನಿಂತು ಮೊಬೈಲು ನೋಡುತ್ತಾರೆಯೇ ಹೊರತು ಬೆಳೆ ನೋಡುವುದಿಲ್ಲ” ಎಂಬ ಆಕ್ಷೇಪಣೆಯು ಅನೇಕ ಗ್ರಾಮಗಳ ಕಟ್ಟೆಗಳ ಮೇಲೆ ಕೇಳಬರುತ್ತಿರುವುದು. ಈ ಆಕ್ಷೇಪಣೆಯಲ್ಲಿ ಎಷ್ಟು ಸತ್ಯವಿದೆ, ಎಷ್ಟು ಇಲ್ಲ ಎಂಬುದನ್ನು ವಿಚಾರಿಸುವುದು ಅವಶ್ಯಕವಾಗಿದೆ.

ಕರ್ನಾಟಕದಲ್ಲಿ ಮೊದಲನೆಯ ಕೃಷಿ ವಿಶ್ವವಿದ್ಯಾಲಯವು 1964ರಲ್ಲಿ ಬೆಂಗಳೂರಿನಲ್ಲಿಯೂ, ಎರಡನೆಯದು 1986ರಲ್ಲಿ ಧಾರವಾಡದಲ್ಲಿಯೂ ಸ್ಥಾಪಿತವಾದವು. ಕಲ್ಯಾಣ ಕರ್ನಾಟಕದ ರೈತರಿಗೆ ತಮ್ಮದೇ ಆದ ವಿಶ್ವವಿದ್ಯಾಲಯವು ದೊರೆತದ್ದು 2008ರಲ್ಲಿ, ರಾಯಚೂರಿನಲ್ಲಿ. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯ ಕೃಷಿ ಕಾಲೇಜೂ, ಸುರಪುರದ ಕಡೆಯ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವೂ ಇದರ ಅಂಗಗಳೇ ಆಗಿವೆ. ಅದರ ಮರುವರ್ಷ, 2009ರ ಡಿಸೆಂಬರ್ ತಿಂಗಳ ಕೊನೆಯಲ್ಲಿ, ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಅಕ್ಷರಸ್ಥರ ಪ್ರಮಾಣವು ಶೇಕಡಾ 52ಕ್ಕೂ ಕಡಿಮೆಯಾಗಿದ್ದು, ರಾಜ್ಯದಲ್ಲಿಯೇ ಕೊನೆಯ ಸ್ಥಾನದಲ್ಲಿತ್ತು. ಓದು ಬರಹವೇ ಅರ್ಧಕ್ಕೆ ನಿಂತಿರುವ ಸೀಮೆಗೆ ಗಣಕಯಂತ್ರದ ವಿದ್ಯೆಯು ಬಂದಿದೆ ಎಂಬುದನ್ನು ಮೊದಲು ಮನಸ್ಸಿನಲ್ಲಿಡತಕ್ಕದ್ದು.

ಕಾಲೇಜುಗಳಲ್ಲಿ ಈ ವಿದ್ಯೆಯು ಹೇಗೆ ಪ್ರವೇಶಿಸಿತೆಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ವಿಶ್ವಬ್ಯಾಂಕಿನ ನೆರವಿನಿಂದ 2017ರ ಸುಮಾರಿಗೆ ಆರಂಭಿಸಿದ ರಾಷ್ಟ್ರೀಯ ಕೃಷಿ ಉನ್ನತ ಶಿಕ್ಷಣ ಯೋಜನೆಯಿಂದ ಪಾಠಗಳನ್ನೂ ಪರೀಕ್ಷಾ ದಾಖಲೆಗಳನ್ನೂ ಗಣಕದಲ್ಲಿಡುವ ಕಾರ್ಯವು ವೇಗಗೊಂಡಿತು. 2020ರಲ್ಲಿ ಕೊರೊನಾ ವ್ಯಾಧಿಯು ಕಾಲೇಜುಗಳ ಬಾಗಿಲು ಮುಚ್ಚಿಸಿದಾಗ, ಅಲ್ಲಿಯ ತನಕ ಐಚ್ಛಿಕವಾಗಿದ್ದದ್ದು ಅನಿವಾರ್ಯವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ‘ಕೃಷಿ ಮೇಘ’ವೆಂಬ ಮಾಹಿತಿ ಭಂಡಾರವು ತೆರೆಯಲ್ಪಟ್ಟಿತು. ದಿಲ್ಲಿಯ ಭಂಡಾರಕ್ಕೆ ಅಪಾಯವೊದಗಿದರೂ ದೇಶದ ಕೃಷಿ ಸಂಶೋಧನೆಯ ದಾಖಲೆಗಳು ನಷ್ಟವಾಗಬಾರದೆಂಬುದೇ ಅದರ ಉದ್ದೇಶವು. ಹಗೇವಿನಲ್ಲಿ ಜೋಳವಿಟ್ಟು ಬರಗಾಲಕ್ಕೆ ಸಿದ್ಧರಾಗಿರುತ್ತಿದ್ದ ಈ ನಾಡಿನವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಪಾಠವನ್ನು ಪರದೆಯ ಮೇಲೆ ಓದುವುದರಿಂದ ರೈತನಿಗೆ ನೇರವಾದ ಲಾಭವಿಲ್ಲ. ರೈತನಿಗೆ ಸಂಬಂಧಿಸಿದ್ದು ಹೊಲದಲ್ಲಿ ನಡೆಯುವ ಕೆಲಸವು. ಅದಕ್ಕೆ ರಾಯಚೂರು ವಿಶ್ವವಿದ್ಯಾಲಯವು 2010ರ ದಶಕದಲ್ಲಿ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯ ಸಹಕಾರದಿಂದ ಸಿದ್ಧಪಡಿಸಿದ ‘ಇ-ಸ್ಯಾಪ್’ ಎಂಬ ಸಾಧನವೇ ಉತ್ತಮ ಉದಾಹರಣೆಯು. ಇದನ್ನು ಹಿಡಿದು ಹೊಲಕ್ಕೆ ಹೋದವನು ಕೀಟ ರೋಗಗಳ ಚಿತ್ರಗಳನ್ನು ನೋಡಿ ತನ್ನ ಮುಂದಿರುವುದು ಯಾವುದೆಂದು ಗುರುತಿಸಬೇಕು. ಹೊಲದ ಬೇರೆ ಬೇರೆ ಸ್ಥಳಗಳಲ್ಲಿ ಗಿಡಗಳನ್ನು ಪರೀಕ್ಷಿಸಿ ಎಣಿಕೆಯನ್ನು ದಾಖಲು ಮಾಡಬೇಕು. ಬಾಧೆಯು ಎಷ್ಟರ ಮಟ್ಟಿಗಿದೆ ಎಂಬುದನ್ನು ಅನುಸರಿಸಿ ಪರಿಹಾರವು ತಿಳಿದುಬರುವುದು. ಸಂಪರ್ಕವಿಲ್ಲದ ಹೊಲದಲ್ಲಿಯೂ ಕೆಲಸವು ನಿಲ್ಲುವುದಿಲ್ಲ. ಸಂಪರ್ಕ ದೊರೆತ ಕೂಡಲೇ ವಿವರಗಳು ವಿಜ್ಞಾನಿಗಳಿಗೆ ತಲಪುವುವು.

ಇದರ ಬೆಲೆಯು ತೊಗರಿ ಬೆಳೆಯಲ್ಲಿ ಸ್ಪಷ್ಟವಾಗಿ ಕಾಣುವುದು. ತೊಗರಿಯು ಹೂ ಕಾಯಿ ಹಿಡಿಯುವಾಗ ಹಸಿರು ಕೀಡೆಯು ಬೀಳುವುದು ಎಲ್ಲರಿಗೂ ತಿಳಿದ ವಿಷಯವು. ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಕೀಡೆ ಕಂಡಾಗ ಔಷಧಿಯನ್ನು ಹೊಡೆಯತಕ್ಕದ್ದೆಂಬುದು ಶಿಫಾರಸು. ಆದರೆ ರೂಢಿಯಲ್ಲಿ ನಡೆಯುವುದೇನು? ಬದುವಿನಾಚೆಯವನು ಹೊಡೆದನೆಂದು ಈಚೆಯವನು ಹೊಡೆಯುವನು. ಔಷಧಿಯ ಅಂಗಡಿಯವನು ಕೊಟ್ಟದ್ದೇ ಔಷಧಿಯಾಗುವುದು. ಎಣಿಸಿ ನೋಡಿದವರು ವಿರಳ. ಸಾಧನವು ವಿದ್ಯಾರ್ಥಿಯನ್ನು ಎಣಿಸುವಂತೆ ಮಾಡುವುದಷ್ಟೇ ಅದರ ಮುಖ್ಯವಾದ ಗುಣವು, ಉಳಿದುದೆಲ್ಲ ಆಮೇಲಿನದು. ಕಲಬುರಗಿ ಸೀಮೆಯ ಹಿರಿಯರು ಗಿಡವನ್ನು ಅಲುಗಾಡಿಸಿ ಕೀಡೆಗಳನ್ನು ಅರಿವೆಯ ಮೇಲೆ ಉದುರಿಸಿ ನಾಶಮಾಡುತ್ತಿದ್ದ ಕ್ರಮವನ್ನು ವಿಜ್ಞಾನಿಗಳೂ ಒಪ್ಪಿ ಶಿಫಾರಸು ಮಾಡಿರುವರು. ಗಿಡ ಅಲುಗಾಡಿಸಿದವನಿಗೆ ಎಷ್ಟು ಕೀಡೆ ಬಿದ್ದವೆಂಬುದು ತಾನಾಗಿಯೇ ತಿಳಿಯುತ್ತಿತ್ತು.

ಇನ್ನು ಗಿಡ ಒಣಗುವ ವಿಷಯ. ಇಲ್ಲಿ ಸಾಧನವು ಸೋಲುವುದೂ ಉಂಟು. ತೊಗರಿಯ ಎಲೆ ಹಳದಿಯಾಗಿ ಬಾಡಿದ ಚಿತ್ರವನ್ನು ಮೇಲಿನಿಂದ ತೆಗೆದರೆ, ಅದು ನೆಟೆ ರೋಗವೋ, ನೀರು ನಿಂತು ಬೇರು ಕೊಳೆತದ್ದೋ, ನೀರಿಲ್ಲದೆ ಬಾಡಿದ್ದೋ ಹೇಳುವುದು ಕಷ್ಟ. ಗಿಡವನ್ನು ಕಿತ್ತು, ಕಾಂಡದ ಬುಡವನ್ನು ಉದ್ದಕ್ಕೆ ಸೀಳಿ ನೋಡತಕ್ಕದ್ದು. ಒಳಗಿನ ಕಟ್ಟಿಗೆಯಲ್ಲಿ ಕಂದು ಕಪ್ಪು ಗೆರೆಗಳಿದ್ದರೆ ನೆಟೆ ರೋಗವೆಂದು ತಿಳಿಯಬೇಕು. ಅದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವುದಾದುದರಿಂದ, ಕೀಟನಾಶಕವನ್ನು ಎಷ್ಟು ಹೊಡೆದರೂ ಹಣ ನಷ್ಟವೇ ಹೊರತು ಗಿಡವು ಉಳಿಯದು. ಗಿಡವು ಹಸಿರಾಗಿ ಪೊದೆಯಂತೆ ಬೆಳೆದು ಹೂ ಬಿಡದಿದ್ದರೆ ಅದು ಗೊಡ್ಡು ರೋಗವು. ಕಣ್ಣಿಗೆ ಕಾಣದಂತಹ ನುಸಿಯು ಅದನ್ನು ಹರಡುವುದು. ಬದುವಿನ ಮೇಲೆ ತಾನಾಗಿ ಹುಟ್ಟಿದ ಹಳೆಯ ತೊಗರಿ ಗಿಡಗಳನ್ನು ಉಳಿಸಿಕೊಂಡರೆ ರೋಗಕ್ಕೆ ಮನೆ ಕಟ್ಟಿಕೊಟ್ಟಂತಾಗುವುದು. ಮೊಬೈಲು ಇದ್ದರೂ ಕುಡುಗೋಲನ್ನು ಬಿಡಬಾರದೆಂಬುದನ್ನು ಕಾಲೇಜಿನ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕಾಗಿದೆ. ಕಟ್ಟೆಯ ಮೇಲಿನ ಆಕ್ಷೇಪಣೆಯಲ್ಲಿ ಸತ್ಯವಿರುವುದು ಇಷ್ಟರ ಮಟ್ಟಿಗೆ.

ಭಾಷೆಯ ತೊಂದರೆಯನ್ನೂ ಅಲಕ್ಷಿಸಕೂಡದು. ವಿದ್ಯಾರ್ಥಿಯು ರೋಗದ ಹೆಸರನ್ನು ಇಂಗ್ಲಿಷಿನಲ್ಲಿ ಕಲಿತಿರುವನು. ರೈತನು “ನೆಟೆ”, “ಗೊಡ್ಡು” ಎನ್ನುವನು. ಊರಿನ ಹೆಸರುಗಳು ದಾಖಲೆಗೆ ಸೇರದಿದ್ದರೆ ರೈತನು ಹೇಳಿದ್ದು ಒಂದು, ಬರೆದುಕೊಂಡದ್ದು ಮತ್ತೊಂದು ಆಗುವುದು.

ನೀರಾವರಿಯ ವಿಷಯದಲ್ಲಿ ಈ ಸೀಮೆಯ ವಿದ್ಯಾರ್ಥಿಗೆ ಕಲಿಯುವುದು ಬಹಳವಿದೆ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆಯು ಸುರಪುರ, ಶಹಾಪುರ ತಾಲ್ಲೂಕುಗಳ ಸ್ವರೂಪವನ್ನೇ ಬದಲಾಯಿಸಿದೆ. ಜೋಳ ತೊಗರಿ ಬೆಳೆಯುತ್ತಿದ್ದ ಯರಿ ಭೂಮಿಗಳಲ್ಲಿ ಈಗ ಭತ್ತದ ಗದ್ದೆಗಳಿವೆ. ಕಾಲುವೆಯ ಗೇಟುಗಳನ್ನು ದೂರದಿಂದಲೇ ಗಣಕದ ಮೂಲಕ ಏರಿಸಿ ಇಳಿಸುವ, ಹರಿವನ್ನು ಅಳೆಯುವ ವ್ಯವಸ್ಥೆಯೂ ಈ ಕಾಲುವೆಯ ಮೇಲೆ ಬಂದಿದೆ. ಆದರೂ ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕೊನೆಯಂಚಿನವರ ಹೊಲವು ಒಣಗುವುದು. ಮೇಲಿನವರ ಹೊಲವು ಕ್ರಮೇಣ ಸವಳು ಜವಳಾಗುವುದು. ಹೀಗೆ ಕೆಟ್ಟ ನೆಲವನ್ನು ಉಪಗ್ರಹದ ಚಿತ್ರದಲ್ಲಿ ಗುರುತಿಸಲು ವಿದ್ಯಾರ್ಥಿಗಳು ಕಲಿಯಬಹುದು. ಯೂರೋಪಿನವರ ಸೆಂಟಿನೆಲ್ ಉಪಗ್ರಹಗಳ ಚಿತ್ರಗಳು ಹಣವಿಲ್ಲದೆ ದೊರೆಯುತ್ತವೆ. ಅವುಗಳಲ್ಲಿ ಒಂದೊಂದು ಚೌಕವು 10 ಮೀಟರು ಅಗಲ, 10 ಮೀಟರು ಉದ್ದ. ಅಂದರೆ ಒಂದು ಎಕರೆಯಲ್ಲಿ ಸುಮಾರು 40 ಚೌಕಗಳು. ಯಾವ ಮೂಲೆಯಲ್ಲಿ ಬೆಳೆಯು ವರ್ಷ ವರ್ಷವೂ ಕುಗ್ಗುತ್ತಿದೆ ಎಂಬುದನ್ನು ತೋರಿಸಲು ಇಷ್ಟು ಸಾಕು. ಮುಂಗಾರಿಯ ಮೋಡಗಳು ಅಡ್ಡ ಬಂದಾಗ ಮಾತ್ರ ಚಿತ್ರವು ಉಪಯೋಗಕ್ಕೆ ಬಾರದು. ಮತ್ತು ಕುಗ್ಗಿದ್ದು ಉಪ್ಪಿನಿಂದಲೋ, ನೀರು ನಿಂತದ್ದರಿಂದಲೋ ಎಂಬುದಕ್ಕೆ ಮಣ್ಣನ್ನು ಅಗೆದು ಪರೀಕ್ಷಿಸದೆ ಗತಿಯಿಲ್ಲ.

ಡ್ರೋನಿನ ವಿಚಾರವಾಗಿ ಉತ್ಸಾಹವು ಹೆಚ್ಚಾಗಿರುವುದು ಸಹಜವೇ. ಆಳೆತ್ತರ ಬೆಳೆದ ತೊಗರಿಯೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹೋಗುವ ಕೂಲಿಯವನ ಮುಖಕ್ಕೆ ವಿಷವು ಸಿಡಿಯುವುದನ್ನು ನೋಡಿದವರು ಡ್ರೋನನ್ನು ಬೇಡವೆನ್ನಲಾರರು. ಅದಕ್ಕೆ ಎಕರೆಗೆ ಬೇಕಾಗುವ ನೀರು ಸುಮಾರು 10 ಲೀಟರು ಮಾತ್ರ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಕೃಷಿ ವಿಶ್ವವಿದ್ಯಾಲಯಗಳಿಗೂ ವಿಜ್ಞಾನ ಕೇಂದ್ರಗಳಿಗೂ 10 ಲಕ್ಷ ರೂಪಾಯಿಗಳ ಮಿತಿಯೊಳಗೆ ಡ್ರೋನಿನ ಪೂರ್ಣ ವೆಚ್ಚವನ್ನೂ, ಬಾಡಿಗೆ ಕೇಂದ್ರ ತೆರೆಯುವ ಕೃಷಿ ಪದವೀಧರರಿಗೆ 5 ಲಕ್ಷದ ಮಿತಿಯೊಳಗೆ ಅರ್ಧ ವೆಚ್ಚವನ್ನೂ ಕೊಡುವುದಾಗಿ ಪ್ರಕಟಿಸಿತು. ಪದವಿ ಪಡೆದು ಬೆಂಗಳೂರಿಗೆ ಹೋಗುವ ತಮ್ಮ ಮಕ್ಕಳಿಗೆ ಊರಿನಲ್ಲಿಯೇ ಉದ್ಯೋಗವಾಗಬಹುದೆಂಬ ಸಂಗತಿಯನ್ನು ಜಮೀನುದಾರರು ಯೋಚಿಸತಕ್ಕದ್ದು. ಆದರೆ ಹಾರಿಸುವವನಿಗೆ ತರಬೇತಿಯ ಪ್ರಮಾಣಪತ್ರ ಬೇಕು. ಗಾಳಿಯ ವೇಗ ನೋಡದೆ ಹೊಡೆದರೆ ನೆರೆಯವನ ಬೆಳೆಗೂ ಕೆರೆಯ ನೀರಿಗೂ ವಿಷವು ಬೀಳುವುದು.

ಇಷ್ಟೆಲ್ಲ ಹೇಳಿದ ಮೇಲೆ, ಅಪ್ರಿಯವಾದರೂ ಒಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ರೈತರ ನೋಂದಣಿಯು ಪಹಣಿಯಲ್ಲಿ ಹೆಸರಿರುವವರ ಮೇಲೆ ನಡೆಯುತ್ತದೆ. ಬೆಳೆಯ ಸಲಹೆ, ಹವಾಮಾನದ ಎಚ್ಚರಿಕೆ, ವಿಮೆಯ ಸಂದೇಶಗಳು ಅವರ ಮೊಬೈಲಿಗೆ ಬರುವುವು. ಹೊಲವನ್ನು ಲಾವಣಿಗೆ ಹಾಕಿಕೊಂಡು ಬಿತ್ತಿ ಬೆಳೆಯುವವನು ಬೇರೆ. ನಾಳೆ ಮಳೆಯಿದೆ, ಔಷಧಿ ಹೊಡೆಯಬೇಡಿರಿ ಎಂಬ ಸಂದೇಶವು ಕಲಬುರಗಿಯ ಮನೆಯಲ್ಲಿ ಕುಳಿತ ಯಜಮಾನರಿಗೆ ತಲಪಿ, ಹೊಲದಲ್ಲಿ ಪಂಪು ಹೊತ್ತವನಿಗೆ ತಲಪದಿದ್ದರೆ ಔಷಧಿಯ ಹಣ ತೊಳೆದುಹೋಗುವುದು. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಗುಲಾಬಿ ಕಾಯಿಕೊರಕವನ್ನು ಎಲ್ಲರಿಗಿಂತ ಮೊದಲು ಕಾಣುವರು. ಕಾಯಿ ಒಡೆದಾಗ ಕಲೆಯಾದ ಅರಳೆಯು ಅವರ ಬೆರಳಿಗೇ ಸಿಕ್ಕುವುದು. ಅವರನ್ನು ಕೇಳುವ ಪದ್ಧತಿಯು ಎಲ್ಲಿಯೂ ಇಲ್ಲ. ವಿದ್ಯಾರ್ಥಿಯ ಎಣಿಕೆಯು ಜಮೀನುದಾರರ ಚಾವಡಿಯಲ್ಲಿ ಮುಗಿದುಹೋದರೆ, ಎಷ್ಟು ಉತ್ತಮವಾದ ಯಂತ್ರದಿಂದಲೂ ತಪ್ಪು ಉತ್ತರವೇ ಹೊರಬರುವುದು.

ಬೆಳೆ ಸಮೀಕ್ಷೆಯಲ್ಲಿಯೂ ಇದೇ ಎಚ್ಚರಿಕೆ ಬೇಕು. ಸರ್ವೆ ನಂಬರುವಾರು ಹೊಲದಲ್ಲಿ ನಿಂತು ಚಿತ್ರ ತೆಗೆದು ಬೆಳೆಯನ್ನು ದಾಖಲಿಸುವ ಕೆಲಸವನ್ನು 2020ರಿಂದ ರೈತರೇ ಮಾಡಲು ಅವಕಾಶವಾಯಿತು. ವಿಮೆ, ಬೆಂಬಲ ಬೆಲೆಯ ಖರೀದಿ, ಬರ ಪರಿಹಾರ ಎಲ್ಲಕ್ಕೂ ಈ ದಾಖಲೆಯು ಆಧಾರವು. ತೊಗರಿ ಬಿತ್ತಿದ ಹೊಲವು ಹತ್ತಿಯೆಂದು ದಾಖಲಾದರೆ ಮಾರುವ ಕಾಲದಲ್ಲಿ ತಿದ್ದಿಸಲು ಕಚೇರಿಗೆ ಅಲೆಯಬೇಕಾಗುವುದು. ಓದು ಬಾರದವರ ಹೊಲಗಳಿಗೆ ಗೌಡರು ವಿದ್ಯಾರ್ಥಿಗಳನ್ನು ಜೊತೆಮಾಡಿ ಕಳುಹಿಸಬಹುದು.

ವಿದ್ಯಾರ್ಥಿಗಳು ಬರುವ ಗ್ರಾಮಗಳಲ್ಲಿ ಅವರಿಗೆ ಇಳಿದುಕೊಳ್ಳಲು ಒಂದು ಕೋಣೆಯನ್ನೂ, ಸಾಧನಗಳಿಗೆ ವಿದ್ಯುತ್ತಿನ ಅನುಕೂಲವನ್ನೂ ಕೊಡತಕ್ಕದ್ದು. ಎಣಿಕೆಗೆಂದು ಒಂದು ತೊಗರಿಯ ಹೊಲವನ್ನೂ ಒಂದು ಹತ್ತಿಯ ಹೊಲವನ್ನೂ ಬಿತ್ತಿದಾಗಿನಿಂದ ಕಟಾವಿನ ತನಕ ಗೊತ್ತುಮಾಡಿಡಬೇಕು. ಅವುಗಳಲ್ಲಿ ಒಂದಾದರೂ ಲಾವಣಿಯವರ ಹೊಲವಾಗಿರಲಿ. ಮೋಹಕ ಬಲೆಗಳಿಗೆ ಗೂಟಗಳನ್ನು ಊರಿನವರೇ ಒದಗಿಸಿದರೆ ಸಾಕು. ಬಲೆಯೊಂದಕ್ಕೆ ರಾತ್ರಿಗೆ 8ರಂತೆ ಸತತವಾಗಿ ಮೂರು ರಾತ್ರಿ ಗುಲಾಬಿ ಕಾಯಿಕೊರಕದ ಪತಂಗಗಳು ಬಿದ್ದವೆಂದರೆ ಔಷಧಿಯ ಕಾಲ ಬಂದಿತೆಂದು ತಿಳಿದು, ಅಂದೇ ಡಂಗುರದ ಮೂಲಕವೋ ಗುಡಿಯ ಧ್ವನಿವರ್ಧಕದ ಮೂಲಕವೋ ಊರಿಗೆಲ್ಲ ಸಾರಿಸತಕ್ಕದ್ದು.