ಹಸಿರು ತಂತಿಯನ್ನು ದುಡಿಸಬೇಡಿ

ಲೆಕ್ಕ ಬರೆಯೋರಿಗೆ ಕರೆಂಟಿನ ಉಸಾಬರಿ ಯಾಕೆ ಅಂತ ಕೇಳಬೇಡಿ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಮ್ಮ ಬಾಡಿಗೆ ಮನೆಯಲ್ಲಿ ನಡೆದದ್ದು ನಿಮಗೂ ಉಪಯೋಗ ಆದೀತು ಅಂತ ಬರೆಯುತ್ತಿದ್ದೇವೆ.

ಊರಿಂದ ಅಮ್ಮ ಬಂದಿದ್ದರು. ರಾತ್ರಿ ಎದ್ದಾಗ ಅವರು ಕತ್ತಲಲ್ಲಿ ತಡಕಾಡಬಾರದು ಅಂತ, ಫೋನಿನಿಂದಲೇ ದೀಪ ಹಾಕೋ ಸ್ಮಾರ್ಟ್ ಸ್ವಿಚ್ ತಂದು, ಗೊತ್ತಿದ್ದ ಹುಡುಗನ ಕೈಲಿ ಹಾಕಿಸಿದೆವು. ದೀಪ ಚೆನ್ನಾಗೇ ಉರಿಯಿತು. ಮೂರನೇ ದಿನ ಅಮ್ಮ ಫ್ರಿಜ್ ಬಾಗಿಲು ಮುಟ್ಟಿ, "ಕೈ ಜುಮ್ ಅಂತು ಕಣೋ" ಅಂದರು. ವಯಸ್ಸಾಯ್ತು, ನರ ಹಿಡಿದಿರಬೇಕು ಅಂತ ನಾವು ನಕ್ಕೆವು. ಮಾರನೇ ದಿನ ನಮ್ಮ ಕೈಗೂ ಹಾಗೇ ಆಯಿತು. ನಗು ನಿಂತುಹೋಯಿತು.

ತಕ್ಷಣ ಮೇನ್ ಆಫ್ ಮಾಡಿ, ಮನೆ ಮಾಲೀಕರಿಗೆ ತಿಳಿಸಿ, ಎಪ್ರಾ ಲೈಸೆನ್ಸ್ ಇರುವ ಫುಂಡಿಯನ್ನು ಕರೆಸಿದೆವು. ಅವರು ತೆರೆದು ತೋರಿಸಿದಾಗ ಗೊತ್ತಾಯಿತು.

ಮಾಮೂಲಿ ಸ್ವಿಚ್ಚಿಗೆ ಎರಡೇ ತಂತಿ. ಒಂದರಲ್ಲಿ ಫೇಸ್ ಬರುತ್ತೆ, ಇನ್ನೊಂದು ದೀಪಕ್ಕೆ ಹೋಗುತ್ತೆ. ಆದರೆ ಸ್ಮಾರ್ಟ್ ಸ್ವಿಚ್ ದೀಪ ಆರಿದ್ದಾಗಲೂ ಎಚ್ಚರ ಇರಬೇಕಲ್ಲ, ಅದಕ್ಕೆ ಹೆಚ್ಚಿನವಕ್ಕೆ ನ್ಯೂಟ್ರಲ್ ಬೇಕು. ಹಳೇ ಮನೆಗಳ ಸ್ವಿಚ್ ಬಾಕ್ಸಿನಲ್ಲಿ ಅನೇಕ ಕಡೆ ಅದು ಇರೋದೇ ಇಲ್ಲ. ನಮ್ಮ ಹುಡುಗ ಏನು ಮಾಡಿದ್ದ ಅಂದರೆ, ನ್ಯೂಟ್ರಲ್ ಜಾಗಕ್ಕೆ ಅರ್ತ್ ತಂತಿ ಸೇರಿಸಿದ್ದ! ಅತ್ತ ಬೋರ್ಡಿನಲ್ಲಿ ಆ ಅರ್ತ್ ಕಳಚಿಕೊಂಡಿತ್ತು. ನೆಲಕ್ಕೆ ಹೋಗಲು ದಾರಿ ಇಲ್ಲದ ಕರೆಂಟು ಫ್ರಿಜ್ಜಿನ ಮೈಗೆ ಬಂದು ಕೂತಿತ್ತು.

ಆರ್‌ಸಿಡಿ ಯಾಕೆ ಬೀಳಲಿಲ್ಲ? ಅದು ನಮ್ಮ ಆಡಿಟರ್ ಇದ್ದ ಹಾಗೆ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ತಾಳೆ ನೋಡುತ್ತೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕೋದು 30 ಮಿಲಿಆಂಪಿಯರಿನದು. ಸ್ವಿಚ್ಚು ಎಳೆಯೋದು ಕೆಲವೇ ಮಿಲಿಆಂಪಿಯರ್. ಚಿಲ್ಲರೆ ವ್ಯತ್ಯಾಸ ಆಡಿಟರ್ ಕಣ್ಣಿಗೆ ಬೀಳಲಿಲ್ಲ. ಆದರೆ ಸ್ವಿಚ್ಚಿನ ಒಳಗೇ ಏನಾದರೂ ಕೆಟ್ಟಿದ್ದರೆ 240 ವೋಲ್ಟ್ ನೇರ ಫ್ರಿಜ್ಜಿಗೇ ಬರುತ್ತಿತ್ತು.

ಫುಂಡಿ ಮೊದಲು ಅರ್ತ್ ಬಿಗಿಮಾಡಿದರು. ಆಮೇಲೆ ನ್ಯೂಟ್ರಲ್ ಬೇಡದ ಬಗೆಯ ಸ್ವಿಚ್ ಹಾಕಿ, ದೀಪದ ಹತ್ತಿರ ಅದರ ಜೊತೆ ಬಂದ ಪುಟ್ಟ ಕೆಪ್ಯಾಸಿಟರ್ ಕೂರಿಸಿದರು. ಅದಿಲ್ಲದಿದ್ದರೆ ಎಲ್‌ಇಡಿ ದೀಪ ಆಫ್ ಮಾಡಿದರೂ ಮಿಣಮಿಣ ಅನ್ನಬಹುದು.

ಬಣ್ಣ ನೋಡಿ ಮೋಸ ಹೋಗಬೇಡಿ. ನಮ್ಮ ಊರಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ಇಲ್ಲಿ ಸ್ವಿಚ್ ಬಾಕ್ಸಿನಲ್ಲಿರುವ ಕಪ್ಪು ಅಥವಾ ನೀಲಿ ತಂತಿ ದೀಪಕ್ಕೆ ಹೋಗೋ ಫೇಸೇ ಆಗಿರಬಹುದು. ಸ್ವಿಚ್ ಕೊಳ್ಳೋ ಮೊದಲೇ ಬಾಕ್ಸಿನಲ್ಲಿ ನ್ಯೂಟ್ರಲ್ ಇದೆಯಾ ಅಂತ ತಿಳಿದವರಿಂದ ನೋಡಿಸಿ. ಕೆಲಸಕ್ಕೆ ಬಂದವರು ಮೇನ್ ಆಫ್ ಮಾಡಿದ ಮೇಲೂ ಮೀಟರ್ ಇಟ್ಟು ನೋಡುತ್ತಾರಾ ಗಮನಿಸಿ. ಆ ಮೀಟರನ್ನು ಮೊದಲು ಕರೆಂಟ್ ಇರೋ ಕಡೆ ಪರೀಕ್ಷಿಸಿರಬೇಕು. ಹಸಿರು ಅಥವಾ ಹಸಿರು-ಹಳದಿ ತಂತಿ ಕಾಪಾಡೋಕೆ ಇರೋದು, ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸಬಾರದು.

ಮನೆಯಲ್ಲಿ ಯಾರಾದರೂ "ಕೈ ಜುಮ್ ಅಂತು" ಅಂದರೆ ನಮ್ಮ ಹಾಗೆ ನಗಬೇಡಿ. ಮೊದಲು ಮೇನ್ ಆಫ್ ಮಾಡಿ.